ಸತ್ಯಾಂಶ: ನೋಟು ಅಚ್ಚು ಹಾಕಿ ಹಂಚಿದರೆ ಬಡತನ ಹೋಗುತ್ತದೆಯೇ?

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶವಿದು: "ಪಕ್ಕದ ಮೈಸೂರಿನಲ್ಲೇ ನೋಟು ಮುದ್ರಣಾಲಯವಿದೆ. ಮನೆಗೊಂದು ಕೋಟಿ ಅಚ್ಚು ಹಾಕಿ ಕೊಟ್ಟರೆ ಬಡವರೇ ಇರುವುದಿಲ್ಲ." ಮುದ್ರಣಾಲಯ ಇರುವುದು ನಿಜ. ಉಳಿದದ್ದು ತಪ್ಪು.

ನೋಟು ಹೆಚ್ಚಿತೆಂದು ಕಾಫಿ ಗಿಡ ಒಂದು ಹಣ್ಣೂ ಹೆಚ್ಚು ಬಿಡುವುದಿಲ್ಲ. ಎಲ್ಲರ ಕೈಯಲ್ಲಿ ದುಡ್ಡು, ಅಂಗಡಿಯಲ್ಲಿ ಅಕ್ಕಿ ಮಾತ್ರ ಮೊದಲಿನಷ್ಟೇ, ಏರುವುದು ಬೆಲೆ. ಜಿಂಬಾಬ್ವೆಯಲ್ಲಿ 2009ರ ಜನವರಿಯಲ್ಲಿ 100 ಲಕ್ಷ ಕೋಟಿ ಡಾಲರ್ ಮುಖಬೆಲೆಯ ನೋಟು ಬಂತು, ಅದೇ ವರ್ಷ ಆ ಹಣವನ್ನೇ ಕೈಬಿಡಬೇಕಾಯಿತು. ಇಂಥ ಹೊತ್ತಲ್ಲಿ ಮೊದಲು ಸೋಲುವವರು ಕೂಲಿ, ಪಿಂಚಣಿ ನಂಬಿದವರು. ತೋಟವಿದ್ದವರ ಆಸ್ತಿಗಾದರೋ ಬೆಲೆಯೂ ಜೊತೆಗೇ ಏರುತ್ತದೆ.

ದೇಶಕ್ಕೆ ಸಿರಿ ಬರುವುದು ದುಡಿಮೆ, ಕೌಶಲ, ಯಂತ್ರ, ರಸ್ತೆ, ನಂಬಬಹುದಾದ ಕಾನೂನಿನಿಂದ. ಸ್ವಿಟ್ಜರ್ಲೆಂಡಿನಲ್ಲಿ ಕಾಫಿ ತೋಟಗಳಿಲ್ಲ. ಆದರೂ ಬೀಜ ತರಿಸಿ, ಹುರಿದು, ಪ್ಯಾಕ್ ಮಾಡಿ ಮಾರುವ ದೊಡ್ಡ ರಫ್ತುದಾರ ಅದು. ಭಾರತದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಕೊಡಗಿನಿಂದ ಹೊರಡುವುದು ಹೆಚ್ಚಾಗಿ ಹುರಿಯದ ಬೀಜ.

ಹಂಚಿಕೆ ಬೇರೆಯೇ ಪ್ರಶ್ನೆ, ನನಗಂತೂ ಅದೇ ದೊಡ್ಡದು. ಕಾಫಿ ಬೆಲೆ ಏರಿದರೆ ತೋಟದ ಲೈನ್‌ಮನೆಗಳಲ್ಲಿರುವ ಕೂಲಿಯವರ ಪಾಲು ತಾನಾಗಿ ಏರುವುದಿಲ್ಲ. ಅದನ್ನು ಏರಿಸುವುದು ಸರಿಯಾಗಿ ಜಾರಿಯಾದ ಕನಿಷ್ಠ ಕೂಲಿ, ಉಳ್ಳವರು ಕಟ್ಟುವ ತೆರಿಗೆ, ಆ ತೆರಿಗೆಯಿಂದ ನಡೆಯುವ ಪಡಿತರ, ಶಾಲೆ, ಆಸ್ಪತ್ರೆ.