ಫೈಲುಗಳ ಬೆಳಗಾವಿ ಪ್ರವಾಸ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಫೈಲುಗಳಿಗೆ ಪ್ರವಾಸ ಯೋಗ. ಮಂತ್ರಿಗಳು ವಿಮಾನದಲ್ಲಿ, ಅಧಿಕಾರಿಗಳು ಕಾರಿನಲ್ಲಿ, ಫೈಲುಗಳು ಗಂಟುಮೂಟೆ ಕಟ್ಟಿಕೊಂಡು ಹಿಂದೆ ಹಿಂದೆ. ಸುಮಾರು 500 ಕಿಲೋಮೀಟರ್. ಚಳಿಗಾಲದ ಅಧಿವೇಶನಕ್ಕೆ ಅಂತ ಬೆಳಗಾವಿಯಲ್ಲಿ ಹತ್ತು ದಿನ ಸರ್ಕಾರ ಇರುತ್ತದೆ. ಲಾಡ್ಜಿನಲ್ಲಿ ರೂಮು ಸಿಗುವುದಿಲ್ಲ, ಕುಂದಾ ಅಂಗಡಿಗೆ ಭರ್ಜರಿ ವ್ಯಾಪಾರ. ಉತ್ತರ ಕರ್ನಾಟಕದ ಚರ್ಚೆ ಶುರುವಾಗುವ ಹೊತ್ತಿಗೆ ಅರ್ಧ ಸದನ ಸೂಟ್‌ಕೇಸ್ ಹುಡುಕುತ್ತಿರುತ್ತದೆ.

ಈ ಅಧಿವೇಶನ ನಡೆಯುವ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ವರ್ಷದ ಉಳಿದ ದಿನ ಅಷ್ಟು ದೊಡ್ಡ ಕಟ್ಟಡ ಏನು ಮಾಡುತ್ತೆ ಅಂತ ಕೇಳಬೇಡಿ. 2022ರಲ್ಲಿ ಅಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸೊಬ್ಬರು ಸೌಧದ ಮುಂದೆ ಶ್ಯಾವಿಗೆ ಒಣಹಾಕಿದರು. ಬಿಸಿಲು ಚೆನ್ನಾಗಿತ್ತು, ಜಾಗ ಖಾಲಿ ಇತ್ತು, ಇನ್ನೇನು ಬೇಕು? ಆ ಅಂಗಳದಿಂದ ಉತ್ತರ ಕರ್ನಾಟಕಕ್ಕೆ ಕಣ್ಣಿಗೆ ಕಾಣುವಂತೆ ಆದ ಲಾಭ ಬಹುಶಃ ಅದೊಂದೇ. ಫೋಟೊ ಊರೆಲ್ಲ ಓಡಾಡಿತು. ಅವರನ್ನು ಕೆಲಸದಿಂದ ತೆಗೆದರು. ಜನ ಉಗಿದ ಮೇಲೆ ಮತ್ತೆ ಸೇರಿಸಿಕೊಂಡರು. ಆದೇಶ, ಮರು ಆದೇಶ, ಎಲ್ಲ ಚಕಚಕ! ಸರ್ಕಾರಿ ಕಚೇರಿಗಳನ್ನು ಅಲ್ಲಿಗೆ ಸಾಗಿಸುತ್ತೇವೆ ಅನ್ನುವ ಮಾತಿಗೂ ಇಷ್ಟೇ ಚುರುಕು ಇದ್ದಿದ್ದರೆ ಶ್ಯಾವಿಗೆಗೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರವೇ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ಲೆಕ್ಕ ಹಾಕಿ ಕೊಟ್ಟಿತ್ತು: ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ. 2024ರಲ್ಲಿ ಇನ್ನೊಂದು ಸಮಿತಿ ಆಯಿತು, ಹಿಂದುಳಿದವು ಈಗ ಎಲ್ಲಿವೆ ಅಂತ ನೋಡೋದಕ್ಕೆ. ಎಲ್ಲೂ ಹೋಗಿಲ್ಲ ಸ್ವಾಮಿ, ಅಲ್ಲೇ ಇವೆ. ಹೋಗೋಣ ಅಂದರೂ ರೈಲು ಬೇಕಲ್ಲ! ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಂಜೂರಾದದ್ದು ಕಳೆದ ಶತಮಾನದಲ್ಲಿ. (ಘಟ್ಟದ ಕಾಡು ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಆಗುತ್ತೋ ಇಲ್ಲವೋ ಹೇಳಿಬಿಡಿ, ಸಾಕು.) ಕಲಬುರಗಿಯವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಆಂಧ್ರದ ಗುಂತಕಲ್ಲು, ಅನಂತಪುರ ಎಲ್ಲ ನೋಡಿಕೊಂಡೇ ತಮ್ಮ ರಾಜಧಾನಿ ಸೇರಬೇಕು.

ಬೆಳಗಾವಿಯಾದರೂ ಬೀದರಿನವರಿಗೆ ಪಕ್ಕದ ಮನೆಯೇ? ಅದಕ್ಕೇ ನನ್ನದೊಂದು ಸಲಹೆ. ಈ ಸಲ ಶಾಸಕರೆಲ್ಲ ಮೊದಲು ಬೀದರಿಗೆ ಹೋಗಲಿ. ಅಲ್ಲಿಂದ ಕೆಂಪು ಬಸ್ಸು ಹತ್ತಿ ಅಧಿವೇಶನಕ್ಕೆ ಬರಲಿ. ವಿಜಯಪುರ ದಾಟುವಷ್ಟರಲ್ಲಿ ಪ್ರಾದೇಶಿಕ ಅಸಮತೋಲನದ ಅರ್ಧ ಚರ್ಚೆ ಸೊಂಟಕ್ಕೇ ಅರ್ಥವಾಗಿರುತ್ತದೆ. ಭತ್ಯೆ ಬೇಕಾದರೆ ಡಬಲ್ ತಗೊಳ್ಳಲಿ.