ಬೆಟ್ಟಕ್ಕೆ ಸ್ಲಾಟು, ಹೊಳೆಗೆ ಸ್ವಿಚ್ಚು

ಕರ್ನಾಟಕದಲ್ಲಿ ಮನೆಮಂದಿಯೊಂದಿಗೆ ಬೆಟ್ಟ ಹತ್ತುವುದು, ಹೊಳೆಯಲ್ಲಿ ಹುಟ್ಟು ಹಾಕುವುದು ಕಾಲಿಗೂ ತೋಳಿಗೂ ಸಂಬಂಧಿಸಿದ ವ್ಯವಹಾರವೆಂದು ಯಾರಾದರೂ ಇನ್ನೂ ನಂಬಿದ್ದರೆ, ಅವರು ಈಚೆಗೆ ಮನೆಯಿಂದ ಹೊರಬಿದ್ದಿಲ್ಲವೆಂದೇ ತಿಳಿಯಬೇಕು. ಅದು ಈಗ ಮುಖ್ಯವಾಗಿ ಹೆಬ್ಬೆರಳಿನ ಕಸರತ್ತು. ಮೊದಲು ಮೊಬೈಲ್ ಸಂಖ್ಯೆ, ಅದಕ್ಕೊಂದು ಒಟಿಪಿ, ಆಮೇಲೆ ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ವಿವರ. ಇಷ್ಟನ್ನು ತುಂಬುವಷ್ಟರಲ್ಲಿ ಲಾಂಗ್ ವೀಕೆಂಡಿನ ಸ್ಲಾಟುಗಳೆಲ್ಲ ಭರ್ತಿಯಾಗಿರುತ್ತವೆ. ಅಜ್ಜಿಯಿಂದ ಹಿಡಿದು ಎಲ್‌ಕೆಜಿಯ ಕೂಸಿನವರೆಗೆ ಇಡೀ ಸಂಸಾರ ಪರದೆಯ ಮೇಲೆ ತಿರುಗುವ ಚಕ್ರವನ್ನೇ ಎವೆಯಿಕ್ಕದೆ ನೋಡುತ್ತ ಕುಳಿತಿರುತ್ತದಲ್ಲ, ನಮ್ಮ ಕಾಲದ ಪ್ರಕೃತಿ ಧ್ಯಾನವೆಂದರೆ ಅದೇ.

ಈ ಸುಧಾರಣೆಗೆ ಜನರೇ ಕಾರಣರೆಂಬುದನ್ನು ಒಪ್ಪಲೇಬೇಕು. 2024ರಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ರಾಷ್ಟ್ರೀಯ ಹಬ್ಬವೊಂದು ಶುಕ್ರವಾರ ಬಿದ್ದರೆ ದೇಶಭಕ್ತಿಯು ಧ್ವಜಸ್ತಂಭದ ಸುತ್ತ ಇರುವುದಕ್ಕಿಂತ ಹೆಚ್ಚಾಗಿ ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳ ಟೋಲ್ ಗೇಟುಗಳಲ್ಲಿ ದಟ್ಟೈಸುತ್ತದೆ. ಆ ವಾರಾಂತ್ಯದಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಇರುವೆಗಳಂತೆ ಸಾಲುಗಟ್ಟಿದ ವಿಡಿಯೊಗಳು ನಾಡಿನ ಮೊಬೈಲುಗಳನ್ನೆಲ್ಲ ಸುತ್ತಿಬಂದವು. 1,712 ಮೀಟರ್ ಎತ್ತರದ ಆ ಬೆಟ್ಟಕ್ಕೆ ರಾಜ್ಯದ ಕಠಿಣ ಚಾರಣವೆಂಬ ಹೆಸರಿದೆ. ಆದರೆ ಅಂದು ಅಲ್ಲಿ ಕಠಿಣವಾಗಿದ್ದುದು ಏರು ದಾರಿಯಲ್ಲ, ಮುಂದೆ ನಿಂತವರ ಬ್ಯಾಗು. ಕುಕ್ಕೆಯಲ್ಲಿ ಸುಬ್ರಹ್ಮಣ್ಯನ ದರ್ಶನಕ್ಕೆ ಸರದಿಯಲ್ಲಿ ನಿಂತಿದ್ದವರು ದೇವಸ್ಥಾನದಿಂದ ಹೊರಬಂದ ಮೇಲೂ ಆ ಸರದಿಯನ್ನು ಮುರಿಯದೆ, ಗಿರಿಗದ್ದೆಯನ್ನೂ ಕಲ್ಲುಮಂಟಪವನ್ನೂ ದಾಟಿಸಿ, ಶೇಷ ಪರ್ವತದ ನೆತ್ತಿಯವರೆಗೆ ಕೊಂಡೊಯ್ದರೆಂದರೆ ನಮ್ಮ ಜನರಿಗೆ ಶಿಸ್ತಿಲ್ಲವೆನ್ನುವವರ ಬಾಯಿ ಮುಚ್ಚಬೇಕು.

ಸರ್ಕಾರ ಕೂಡಲೇ ಎಚ್ಚೆತ್ತುಕೊಂಡಿತು. ಎಚ್ಚೆತ್ತ ಸರ್ಕಾರದ ಕೈಗೆ ಮೊದಲು ಸಿಗುವ ಆಯುಧ ಯಾವುದೆಂದು ಹೇಳಬೇಕಾಗಿಲ್ಲ. ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣ ಪಥಗಳಿಗೆ ತಾತ್ಕಾಲಿಕ ನಿರ್ಬಂಧ ವಿಧಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆದೇಶಿಸಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ, ಒಂದು ಬೆಟ್ಟದಲ್ಲಿ ನೂಕುನುಗ್ಗಲಾಯಿತೆಂದು, ಜನ ಇಲ್ಲದೆ ಬಿಕೋ ಎನ್ನುತ್ತಿದ್ದ ಬೆಟ್ಟಗಳೂ ಬಾಗಿಲು ಹಾಕಿಕೊಂಡವು. ಅದೇ ವರ್ಷದ ಅಕ್ಟೋಬರಿನ ಹೊತ್ತಿಗೆ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು, ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ; ಬೆಟ್ಟದ ಕಣಿವೆಗಳ ಶೋಲಾ ಕಾಡಿಗೂ ಹುಲ್ಲುಗಾವಲಿಗೂ ಸಾವಿರಾರು ಜೊತೆ ಬೂಟುಗಳನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. ಆದರೆ ಬುಕಿಂಗ್ ಮಾಡಿಕೊಂಡವನು ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೋರಿಸಬೇಕಾದ ಜಾಗದಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂಬ ಸಣ್ಣ ಸಂಗತಿಯನ್ನು ಜಾಲತಾಣ ರೂಪಿಸಿದವರು ಪ್ರಕೃತಿಯ ಪಾಲಿಗೆ ಬಿಟ್ಟಿರಬೇಕು. ಯಜಮಾನರು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ಹಲಸಿನ ಮರದ ಬುಡದಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡುವ ಆ ನಡಿಗೆಯನ್ನೂ ಚಾರಣದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ನನ್ನ ವಿನಂತಿ.

ಇನ್ನು ಕ್ಯಾಲೆಂಡರಿನ ಚಮತ್ಕಾರವನ್ನು ನೋಡಬೇಕು. ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಕಾಡ್ಗಿಚ್ಚಿನ ಭಯದಿಂದ ಎಷ್ಟೋ ಪಥಗಳು ಮುಚ್ಚಿರುತ್ತವೆ. ಮಳೆ ಹಿಡಿದು ಬೆಂಕಿಯ ಭಯ ಹೋಯಿತೆನ್ನುವಾಗ ಜಾರಿಕೆ, ಜಿಗಣೆ, ಉಕ್ಕುವ ಹಳ್ಳಗಳ ಭಯ ಶುರುವಾಗುತ್ತದೆ, ಆಗಲೂ ಮುಚ್ಚುತ್ತವೆ. ಎರಡೂ ಕಾರಣಗಳು ನಿಜವೇ, ಎರಡಕ್ಕೂ ಜೀವಗಳು ಹೋಗಿವೆ. ಉಳಿದದ್ದು ಚಳಿಗಾಲದ ಕೆಲವು ತಿಂಗಳು. ಅದರಲ್ಲಿ ಪರೀಕ್ಷೆ, ಟ್ಯೂಷನ್, ನೆಂಟರ ಮದುವೆಗಳನ್ನು ಕಳೆದರೆ ಸಿಗುವುದು ಅದೇ ಎರಡು ಮೂರು ಲಾಂಗ್ ವೀಕೆಂಡುಗಳು. ರಾಜ್ಯದ ಮಧ್ಯಮ ವರ್ಗವೆಲ್ಲ ಒಂದೇ ದಿನ, ಒಂದೇ ಬೆಟ್ಟಕ್ಕೆ ಏಕೆ ಹೋಗುತ್ತದೆಂದು ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಅಚ್ಚರಿ ಪಡುತ್ತಾರೆ. ಅವರೂ ಆ ದಿನ ರಜೆಯಲ್ಲಿರುವುದರಿಂದ ಅಚ್ಚರಿ ಸಹಜ.

ನಡೆಯಲು ಬಂದವರಿಗೆ ಬೇರೆ ವ್ಯಾಯಾಮದ ಏರ್ಪಾಡೂ ನಮ್ಮಲ್ಲಿದೆ. 2023ರ ಜುಲೈಯಲ್ಲಿ ಗೋವಾ ಗಡಿಯ ದೂಧ್‌ಸಾಗರ್ ಜಲಪಾತಕ್ಕೆ ಹಳಿಗಳ ಮೇಲೆ ನಡೆದುಬಂದ ನೂರಾರು ಜನರನ್ನು ತಡೆದು, ಅವರಲ್ಲಿ ಹಲವರಿಗೆ ಬಸ್ಕಿ ಹೊಡೆಸಿದ ದೃಶ್ಯ ಎಲ್ಲರಿಗೂ ನೆನಪಿದೆ. ಆಗ ಅಲ್ಲಿಗೆ ಚಾರಣ ನಿಷೇಧವಾಗಿತ್ತು, ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಜಲಪಾತದ ಸೊಬಗನ್ನು ಬೋಗಿಯ ಒಳಗಿನಿಂದಲೇ ಸವಿಯಿರಿ ಎಂದು ನೈರುತ್ಯ ರೈಲ್ವೆ ವಿನಯದಿಂದಲೇ ಕೇಳಿಕೊಂಡಿತ್ತು. ಬಸ್ಕಿ ಯಾವ ಕಾಯ್ದೆಯ ಯಾವ ಕಲಮಿನಲ್ಲಿದೆ ಎಂದು ಕೇಳುವುದು ಅಧಿಕಪ್ರಸಂಗ. ಕನ್ನಡ ಶಾಲೆಗಳಲ್ಲಿ ಮೇಷ್ಟ್ರುಗಳು ಕೈಬಿಟ್ಟ ಒಂದು ಶಿಕ್ಷೆಯನ್ನು, ಕೈತುಂಬ ಸಂಬಳ ಪಡೆಯುವ ವಯಸ್ಕರಿಗೆ, ಜಲಪಾತದ ಹಿನ್ನೆಲೆಯಲ್ಲಿ ಉಚಿತವಾಗಿ ಒದಗಿಸಿದ್ದಷ್ಟೇ ನಮಗೆ ಮುಖ್ಯ.

ಮುಳ್ಳಯ್ಯನಗಿರಿಯಲ್ಲಿ ಇಂಥ ಕಷ್ಟವೇನೂ ಇಲ್ಲ. 1,930 ಮೀಟರಿನ, ರಾಜ್ಯದ ಅತಿ ಎತ್ತರದ ಶಿಖರಕ್ಕೆ ನಾವು ಬಹುಪಾಲು ಕಾರಿನಲ್ಲೇ ಏರುತ್ತೇವೆ. ರಜಾ ದಿನಗಳಲ್ಲಿ ಆ ಘಾಟಿಯ ಇಕ್ಕಟ್ಟು ದಾರಿಯಲ್ಲಿ ಮೇಲೆ ಹೋಗುವ ಸಾಲು ಕೆಳಗಿಳಿಯುವ ಸಾಲಿನ ಮುಖಕ್ಕೆ ಮುಖ ಕೊಟ್ಟು ನಿಂತಾಗ, ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೂ ಲಿಫ್ಟಿನಲ್ಲಿ ಪರಸ್ಪರ ಮಾತಾಡದ ಎರಡು ಸಂಸಾರಗಳು ಕಿಟಕಿಯಿಳಿಸಿ ಕುಶಲ ವಿಚಾರಿಸಿಕೊಳ್ಳುವುದೂ ಉಂಟು. ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಳ್ಳುತ್ತದೆ, ಮುಂದಿನ ಸೀಟಿನಲ್ಲಿ ಅಪ್ಪ ಇಂಜಿನ್ ಆರಿಸಿ ‘ಎಂಥಾ ಫ್ರೆಶ್ ಏರ್ ನೋಡು’ ಎನ್ನುತ್ತಾರೆ, ಎದುರಿನ ಟೆಂಪೊ ಟ್ರಾವೆಲರ್ ಹೊಗೆಯುಗುಳುತ್ತದೆ. 2022ರಲ್ಲಿ ಈ ಗಿರಿಶ್ರೇಣಿಯಲ್ಲಿ ನೀಲಕುರಿಂಜಿ ಅರಳಿದಾಗ, ಹನ್ನೆರಡು ವರ್ಷ ನೆಲದಲ್ಲಿ ತಾಳ್ಮೆಯಿಂದ ಕಾದಿದ್ದ ಗಿಡವನ್ನು ನೋಡಲು ನಾವು ಹನ್ನೆರಡು ನಿಮಿಷ ಕಾಯಲಾರದೆ ಹಾರ್ನ್ ಹೊಡೆದೆವು. ಕಾರು ಬಿಟ್ಟ ಮೇಲೆ ಉಳಿಯುವ ಮೆಟ್ಟಿಲುಗಳನ್ನು ಹತ್ತಿ, ಗದ್ದುಗೆಯ ಬಳಿ ಫೋಟೊ ತೆಗೆಸಿಕೊಂಡು ಇಳಿದವರು ಆಫೀಸಿನಲ್ಲಿ ಸೋಮವಾರ ಹೇಳುವುದು: ‘ನಾವು ಫ್ಯಾಮಿಲಿ ಸಮೇತ ಟ್ರೆಕ್ ಮಾಡಿದೆವು.’

ಬೆಟ್ಟದ ಮಾತು ಸಾಕು. ನೀರಿನ ಸಾಹಸಕ್ಕೆ ಬರೋಣ, ಏಕೆಂದರೆ ನಮ್ಮ ಜಾಣತನ ಪೂರ್ತಿಯಾಗಿ ಅರಳಿರುವುದು ಅಲ್ಲಿಯೇ. ದಾಂಡೇಲಿಯ ಹತ್ತಿರದ ಗಣೇಶಗುಡಿಗೆ ರಾಜ್ಯದ ಮೂಲೆಮೂಲೆಯಿಂದ ಸಂಸಾರಗಳು ಬರುತ್ತವೆ. ಅಲ್ಲಿ ಕಾಳಿ ನದಿಯಿದೆ. ಅಥವಾ, ಕರ್ನಾಟಕ ವಿದ್ಯುತ್ ನಿಗಮ ಬಿಟ್ಟಾಗ ಇರುತ್ತದೆ. ಊರಿನ ನೆತ್ತಿಯ ಮೇಲೆಯೇ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಹಳೆಯ ಸೂಪಾ ಪೇಟೆ ಅದರ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿದರೆ ಹೊಳೆ ನೊರೆಯೆದ್ದು ಹರಿಯುತ್ತದೆ, ರಾಫ್ಟುಗಳು ಕುಣಿಯುತ್ತವೆ. ನಿಂತರೆ ಬಂಡೆಗಳು ಹಲ್ಲು ಕಿರಿಯುತ್ತವೆ. ಬೆಂಗಳೂರಿನಲ್ಲಿ ಎಸಿಗಳು ಹೆಚ್ಚು ಓಡಿದಷ್ಟೂ ಕಾಳಿಯ ರಭಸ ಹೆಚ್ಚುವ ಸಾಧ್ಯತೆಯಿದೆಯೆಂದಾಯಿತು. ಎಸಿ ಕೋಣೆಯ ಬದುಕು ಸಾಕಾಗಿ ‘ವೈಲ್ಡ್ ರಿವರ್’ ಅರಸಿ ನಾನೂರೈವತ್ತು ಕಿಲೋಮೀಟರ್ ಬಂದವರು, ಪಕ್ಕದ ಮನೆಯವರು ಎಸಿ ಹಾಕಿಕೊಂಡ ಪುಣ್ಯದಿಂದ ತೇಲುತ್ತಾರೆ. ಇಷ್ಟು ನಿಕಟವಾದ ನೆರೆಹೊರೆ ಸಂಬಂಧ ಇನ್ನೆಲ್ಲೂ ಸಿಗದು.

‘ಸರ್, ಇವತ್ತು ನೀರು ಬಿಟ್ಟಿಲ್ಲ. ಕಯಾಕಿಂಗ್ ಮಾಡಿಬಿಡಿ, ಸೇಮ್ ಎಂಜಾಯ್‌ಮೆಂಟು’ ಎಂದು ದಡದ ಹುಡುಗ ಸಮಾಧಾನ ಹೇಳುತ್ತಾನೆ. ಅವನು ಕೊಡುವ ಲೈಫ್ ಜಾಕೆಟ್ ಹಿಂದಿನ ಸಂಸಾರದ ಬೆವರಿನಿಂದ ಇನ್ನೂ ಹಸಿಯಾಗಿದೆ. ಎದೆಯ ಮೇಲಿನ ಕ್ಲಿಪ್ಪು ಯಾವ ಕಾಲದಲ್ಲೋ ಮುರಿದು, ಆ ಜಾಗದಲ್ಲಿ ಪಟ್ಟಿಯನ್ನು ಕಗ್ಗಂಟು ಹಾಕಲಾಗಿದೆ. ಗಂಟು ಬಿಚ್ಚಲು ಬಾರದೆಂಬುದೇ ಅದರ ಸುರಕ್ಷತೆಯ ಖಾತರಿ. ತಾಯಿ ಮಗು ಮುಂದೆ, ತಂದೆ ಹಿಂದೆ ಕುಳಿತು, ಒಬ್ಬರು ಎಡಕ್ಕೂ ಇನ್ನೊಬ್ಬರು ಬಲಕ್ಕೂ ಏಕಕಾಲದಲ್ಲಿ ಹುಟ್ಟು ಹಾಕಿದ್ದರಿಂದ ದೋಣಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಹುಟ್ಟಿನ ನೀರು ತೊಡೆಯ ಮೇಲೆ ಸುರಿಯುತ್ತದೆ, ಗಂಡಹೆಂಡಿರ ಹಳೆಯ ವ್ಯಾಜ್ಯಗಳು ಮೇಲಕ್ಕೆ ಬರುತ್ತವೆ, ಹೇಗೋ ಮೂಗು ನೇರ ಮಾಡಿಕೊಂಡು ನಾಲ್ಕು ಮಾರು ಮುಂದೆ ಹೋದರೆನ್ನುವಾಗ ದಡದಿಂದ ಸೀಟಿ ಕೇಳುತ್ತದೆ. ಸಮಯ ಮುಗಿಯಿತು, ಮುಂದಿನ ಬ್ಯಾಚ್ ಕಾಯುತ್ತಿದೆ. ಆ ಮಗು ಬೆಳೆದು ನದಿಯೆಂದರೇನೆಂದು ಪ್ರಬಂಧ ಬರೆಯಬೇಕಾಗಿ ಬಂದರೆ, ಸೀಟಿ ಊದಿದಾಗ ಮುಗಿಯುವ ನೀರಿಗೆ ನದಿಯೆನ್ನುತ್ತಾರೆಂದು ಬರೆದರೆ ಪೂರ್ತಿ ಅಂಕ ಕೊಡಬೇಕು.

ಇವೆಲ್ಲ ಬಿಡಿಬಿಡಿಯಾಗಿ ಸಿಗುವುದು ಅಪರೂಪ. ಸಿಗುವುದು ಕಾಂಬೊ ಪ್ಯಾಕೇಜು. ಕಯಾಕಿಂಗ್, ಜಿಪ್‌ಲೈನ್, ದೊಡ್ಡ ಗಾಳಿ ಚೆಂಡಿನೊಳಗೆ ಕೂರಿಸಿ ಉರುಳಿಸುವ ಝೋರ್ಬಿಂಗ್, ಬಂಡೆಗಳ ನಡುವೆ ಹರಿವ ನೀರಿನಲ್ಲಿ ಕೂರಿಸುವ ‘ನ್ಯಾಚುರಲ್ ಜಕೂಝಿ’, ರಾತ್ರಿಗೆ ಕ್ಯಾಂಪ್ ಫೈರ್, ಹಾಗೂ ಎಲ್ಲಕ್ಕೂ ಕಳಶಪ್ರಾಯವಾಗಿ ರೈನ್ ಡ್ಯಾನ್ಸ್. ಈ ಕೊನೆಯದನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಗಣೇಶಗುಡಿ ಇರುವ ಜೋಯಿಡಾ ತಾಲ್ಲೂಕೆಂದರೆ ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದೆ, ಒಲೆಯ ಮೇಲೆ ಹಗ್ಗ ಕಟ್ಟಿ ಬೆಚ್ಚಗೆ ಮಾಡಿಕೊಳ್ಳುವ ಸೀಮೆ. ಅಲ್ಲಿನ ಆಕಾಶದ ಮಳೆಯಲ್ಲಿ ನೆನೆದರೆ ಮಕ್ಕಳಿಗೆ ಶೀತವಾಗುತ್ತದೆಂದು ಓಡಿಹೋಗಿ ಸೂರಿನಡಿ ನಿಲ್ಲುವ ಸಂಸಾರಗಳು, ಮಳೆ ನಿಂತ ಕೂಡಲೇ ಹೊರಬಂದು, ಕಬ್ಬಿಣದ ಕೊಳವೆಗೆ ತೂತು ಕೊರೆದು ಬೋರ್‌ವೆಲ್ಲಿನ ನೀರು ಚಿಮ್ಮಿಸುವ ಚಪ್ಪರದ ಕೆಳಗೆ ಡಿಜೆ ಹಾಡಿಗೆ ಕುಣಿಯುತ್ತವೆ. ಪಕ್ಕದಲ್ಲಿ ಹೊಳೆ, ಮೇಲೆ ಮೋಡ, ಕೆಳಗೆ ಮೋಟಾರು. ವರುಣನಿಗೂ ರಿಸಾರ್ಟಿಗೂ ಇರುವ ವ್ಯತ್ಯಾಸವಿಷ್ಟೇ: ಅವನಿಗೆ ವಾಲ್ವು ತಿರುಗಿಸಿ ನಿಲ್ಲಿಸಲು ಬರುವುದಿಲ್ಲ, ಜಿಎಸ್‌ಟಿಯನ್ನೂ ಕಟ್ಟುವುದಿಲ್ಲ.

ಅದೇ ಸೀಮೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹಳ್ಳಿಗಳ ಕುಣಬಿ ಸಮುದಾಯದವರು ದಿನಾ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ಅವರಿಗೆ ಯಾರೂ ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆದಿಲ್ಲ. ಶರಾವತಿಯ ಕಡೆ ಹೋದರೆ ಇನ್ನೂ ಸ್ವಾರಸ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯ ಜನ ಸಾಗರದ ಸಂತೆಗೂ ಆಸ್ಪತ್ರೆಗೂ ಹೋಗಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು; ಸಂಜೆ ಕೊನೆಯ ಲಾಂಚು ಹೋಯಿತೆಂದರೆ ಹೆರಿಗೆ ನೋವಿಗೂ ಬೆಳಗಿನವರೆಗೆ ತಡೆದುಕೊಳ್ಳಬೇಕಾದ ಪಾಡಿತ್ತು. ಅದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ನಾವು ದುಡ್ಡು ಕೊಟ್ಟು ಹರಿಗೋಲು ಹತ್ತಿ ‘ಅನ್‌ಪ್ಲಗ್’ ಆದೆವು. ತುಮರಿಯವರದ್ದನ್ನು ಮಾತ್ರ ಯಾವ ಇಲಾಖೆಯೂ ಜಲಸಾಹಸ ಕ್ರೀಡೆಗಳ ಪಟ್ಟಿಗೆ ಸೇರಿಸಲಿಲ್ಲ. ಕೊನೆಗೂ 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಮರುದಿನದಿಂದಲೇ ಸೇತುವೆಯ ನಟ್ಟನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವವರ ಕಾಟ ಶುರುವಾಯಿತು. ಆರು ದಶಕ ಕಾದವರು ಈಗ ಐದು ನಿಮಿಷ ಹೆಚ್ಚಿಗೆ ಕಾಯುವುದರಲ್ಲಿ ದೊಡ್ಡಸ್ತಿಕೆಯೇನಿದೆ?

ಇಷ್ಟಾದರೂ ಪ್ರವಾಸಿ ಸಂಸಾರಕ್ಕೆ ಪೂರ್ತಿ ತೃಪ್ತಿಯಿಲ್ಲ. ಅಂತರ್ಜಾಲದ ನಕ್ಷೆಯಲ್ಲಿ ಯಾವುದಾದರೂ ಗಿರಿಶಿಖರದ ಕೆಳಗೆ ಜನ ಬರೆದಿರುವ ಅಭಿಪ್ರಾಯಗಳನ್ನು ಓದಿದರೆ ಸಾಕು. ಲಕ್ಷಾಂತರ ವರ್ಷಗಳಿಂದ ಅಲ್ಲೇ ಇರುವ ಬೆಟ್ಟಕ್ಕೆ ಐದರಲ್ಲಿ ಒಂದು ನಕ್ಷತ್ರ ಕೊಟ್ಟು, ‘ತುಂಬಾ ನಡೆಯಬೇಕು, ಪಾರ್ಕಿಂಗ್ ಇಲ್ಲ, ಶೌಚಾಲಯ ಗಲೀಜು, ಮೇಲೆ ಬರೀ ಮಂಜು, ನೋಡಲು ಏನೂ ಇಲ್ಲ’ ಎಂದು ದೂರಲಾಗಿದೆ. ಶೌಚಾಲಯದ ದೂರು ನ್ಯಾಯವಾದದ್ದು. ಅದನ್ನು ಯಾರೂ ಓದುವುದಿಲ್ಲ. ಪಾರ್ಕಿಂಗಿನ ಬಗ್ಗೆ ಯೋಜನೆಗಳು ತಯಾರಾಗುತ್ತಿರಬಹುದು, ನಡಿಗೆಯ ಕಷ್ಟಕ್ಕೆ ರೋಪ್‌ವೇ ಇದೆ. ನಂದಿ ಬೆಟ್ಟದ ರೋಪ್‌ವೇಗೆ 2023ರಲ್ಲೇ ಶಂಕುಸ್ಥಾಪನೆಯಾಗಿದೆ. ಉಳಿದದ್ದು ಮಂಜು. ಆನ್‌ಲೈನ್‌ನಲ್ಲಿ ಮುಂಗಡ ಹಣ ಕಟ್ಟಿ, ಗುರುತಿನ ಚೀಟಿ ತೋರಿಸಿ, ಪ್ಲಾಸ್ಟಿಕ್ ತಪಾಸಣೆಗೆ ಬ್ಯಾಗು ಬಿಚ್ಚಿ, ಚಿಪ್ಸ್ ಪೊಟ್ಟಣಗಳನ್ನು ಜಾಕೆಟ್ಟಿನೊಳಗೆ ಅಡಗಿಸಿಕೊಂಡು ಮೇಲೇರಿದ ಗ್ರಾಹಕನಿಗೆ ಎದುರಿನ ಕಣಿವೆ ಕಾಣಿಸದಿದ್ದರೆ ಅದು ಸೇವಾ ನ್ಯೂನತೆಯಲ್ಲದೆ ಮತ್ತೇನು? ಇಲಾಖೆ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿ, ಬೆಳಿಗ್ಗೆ ಆರರಿಂದ ಏಳರವರೆಗೆ ಫೋಟೊಗಳಿಗಾಗಿ ತೆಳು ಮಂಜು, ಏಳರ ಮೇಲೆ ಕಣಿವೆಯ ಪೂರ್ಣ ನೋಟ ಎಂದು ವೇಳಾಪಟ್ಟಿ ಪ್ರಕಟಿಸಬೇಕು. ವೇಳಾಪಟ್ಟಿಯನ್ನು ಉಲ್ಲಂಘಿಸುವ ಮೋಡಗಳಿಗೆ ಸ್ಥಳದಲ್ಲೇ ಬಸ್ಕಿ ಹೊಡೆಸಬೇಕು.