ಹುಬ್ಬಳ್ಳಿ ಬಿಸಿಲಲ್ಲಿ ಓವರ್‌ಕ್ಲಾಕ್ ಯಾಕ್ರೀ ಬೇಕು?

ಗೇಮ್ ಆಡೋಕೆ ಅಂತ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿ (ಅಂದ್ರೆ ಕಂಪನಿ ಇಟ್ಟಿದ್ದಕ್ಕಿಂತ ಜಾಸ್ತಿ ಸ್ಪೀಡಿಗೆ ಓಡಿಸಿ) ಎಂದು ನಾನಂತೂ ಈಗ ಯಾರಿಗೂ ಹೇಳುವುದಿಲ್ಲ. ಹವ್ಯಾಸಕ್ಕೆ ಮಾಡ್ತೀರಾ, ಖುಷಿಯಾಗಿ ಮಾಡಿ. ಬಯಾಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪರದೆ) ತೆರೆದು ಕೂತು ರಾತ್ರಿ ಕಳೆಯೋದರಲ್ಲಿ ಒಂದು ಮಜಾ ಇದೆ. ಆದರೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರೋ ಚಿತ್ರಗಳ ಸಂಖ್ಯೆ) ಏರುತ್ತೆ ಅನ್ನೋ ಆಸೆಗೆ, ಅದೂ ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಮಾಡ್ತೀರಿ ಅಂದ್ರೆ ಮೊದಲು ಸ್ವಲ್ಪ ಲೆಕ್ಕ ಹಾಕಿ.

ಈ ಮಾತು ಬಂದಿದ್ದು ನನ್ನ ಅಳಿಯನಿಂದ. ಗದಗಿನ ಅಕ್ಕನ ಮಗ, ಇಲ್ಲೇ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ. ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಚಿಪ್ಪನ್ನು ತಂಪಾಗಿಡೋ ಕೂಲರ್ ಮಾತ್ರ ಪ್ರೊಸೆಸರ್ ಡಬ್ಬದಲ್ಲಿ ಬಂದದ್ದೇ.

"ಮಾಮಾ, 4.7 ಗಿಗಾಹರ್ಟ್ಸಕ್ಕ ಒಯ್ತೀನಿ, ನೋಡ್ರಿ ಬೇಕಾರ."

"ಯಾಕಲೇ ತಮ್ಮಾ?"

"ಪುಕ್ಕಟೆ ಸಿಗೂದು ಬಿಡೂದ್ಯಾಕ?"

ಒಂದು ಕಾಲಕ್ಕೆ ನಿಜವಾಗಿಯೂ ಪುಕ್ಕಟೆ ಸಿಗುತ್ತಿತ್ತು. 1998ರ ಸೆಲೆರಾನ್ 300ಎ ಅಂತ ಒಂದು ಚಿಪ್. ಬೋರ್ಡಿನ ಬಸ್ ಸ್ಪೀಡನ್ನು (ಚಿಪ್ಪಿಗೆ ತಾಳ ಕೊಡೋ ಸ್ಪೀಡ್) 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕು, 300 ಇದ್ದದ್ದು 450 ಆಗುತ್ತಿತ್ತು. 2011ರ ಐ5-2500ಕೆ ಚಿಪ್ಪಿನ ಮೂಲ ಸ್ಪೀಡ್ 3.3 ಗಿಗಾಹರ್ಟ್ಸ್. ಒಳ್ಳೇ ಕೂಲರ್ ಹಾಕಿ ಜನ ಅದನ್ನು 4.5ರ ಆಸುಪಾಸು ಓಡಿಸುತ್ತಿದ್ದರು. ಆಗಿನ ಚಿಪ್ಪುಗಳು ನಾವು ಚಿಕ್ಕವರಿದ್ದಾಗ ಹೊಲಿಸುತ್ತಿದ್ದ ಶಾಲೆ ಅಂಗಿಯ ಥರ. ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಿದ್ದರು, ಬಿಚ್ಚಿದರೆ ಇನ್ನೊಂದು ವರ್ಷ ನಡೆಯುತ್ತಿತ್ತು.

ಈಗ ಆ ಮಡಿಕೆಯನ್ನು ಫ್ಯಾಕ್ಟರಿಯವರೇ ಬಿಚ್ಚಿ ಕಳಿಸುತ್ತಾರೆ. 5600ರ ಮೂಲ ಸ್ಪೀಡ್ 3.5, ಬೂಸ್ಟ್ (ತಾನಾಗಿ ಏರೋ ಗರಿಷ್ಠ ಸ್ಪೀಡ್) 4.4. ಬಿಸಿ ಮತ್ತು ಕರೆಂಟ್ ಎರಡೂ ಮಿತಿಯಲ್ಲಿದ್ದರೆ ಗೇಮ್ ಶುರುವಾದ ಕೂಡಲೇ ತಾನೇ 4.4ರ ಹತ್ತಿರ ಹೋಗುತ್ತದೆ. ಅಲ್ಲಿಂದ 4.7 ಅಂದ್ರೆ 7% ಕೂಡ ಇಲ್ಲ. ಅದೂ ಚಿಪ್ ಒಪ್ಪಿದರೆ. ಒಂದೇ ಮಾಡೆಲ್‌ನ ಎರಡು ಚಿಪ್ಪುಗಳು ಒಂದೇ ಥರ ಇರುವುದಿಲ್ಲ, ಅದು ಹಣೆಬರಹ.

ಈ 7%ಗೆ ಎಷ್ಟು ತೆರಬೇಕು ಅನ್ನೋದೇ ಮುಖ್ಯ. ಸ್ಪೀಡ್ ಏರಿಸಿದರೆ ಚಿಪ್ ಕ್ರ್ಯಾಶ್ ಆಗದೆ ಓಡೋಕೆ ವೋಲ್ಟೇಜೂ ಏರಿಸಬೇಕಾಗುತ್ತದೆ. ಸ್ಪೀಡ್ ಏರಿದರೆ ಕರೆಂಟ್ ಖರ್ಚು ಅಷ್ಟೇ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುಮ್ನೆ ಉದಾಹರಣೆಗೆ, 1.2 ವೋಲ್ಟ್ ಇದ್ದದ್ದನ್ನು 1.35 ಮಾಡಿ, 4.4 ಇದ್ದದ್ದನ್ನು 4.7 ಮಾಡಿದರೆ ಖರ್ಚು ಸುಮಾರು 35% ಜಾಸ್ತಿ. ಆ ಖರ್ಚೆಲ್ಲ ಕೊನೆಗೆ ಬಿಸಿಯೇ. ಅದನ್ನು ಹೊರಗೆ ಹಾಕಬೇಕಾದದ್ದು ಅಂಗೈಯಗಲದ ಆ ಡಬ್ಬದ ಕೂಲರ್.

ಕೂಲರ್ ಎಷ್ಟೇ ಚೆನ್ನಾಗಿರಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಧಾರವಾಡದ ಡಿಸೆಂಬರ್ ರಾತ್ರಿ 20 ಡಿಗ್ರಿಯ ಕೋಣೆಯಲ್ಲಿ 65ಕ್ಕೆ ನಿಲ್ಲುವ ಚಿಪ್, ಬೇಸಿಗೆಯಲ್ಲಿ ಆರ್‌ಸಿಸಿ ಕೆಳಗಿನ 37 ಡಿಗ್ರಿಯ ರೂಮಿನಲ್ಲಿ ಅದೇ ಕೆಲಸಕ್ಕೆ 82ರ ಹತ್ತಿರ ಬರುತ್ತದೆ. 5600ರ ಮಿತಿ 90. ಅಲ್ಲಿಗೆ ಮುಟ್ಟಿದರೆ ಅದು ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಏರಿಸಿದ್ದು ಯಾಕೆ ಹಾಗಾದರೆ? ತಣ್ಣನೆಯ ಊರುಗಳಲ್ಲಿ ಏಸಿ ಹಾಕಿಕೊಂಡು ಕೂತವರ ವಿಡಿಯೋ ನೋಡಿ ನಮ್ಮ ಹುಡುಗರು ಅದೇ ಸಂಖ್ಯೆ ಬಯಾಸ್‌ಗೆ ತುಂಬುತ್ತಾರೆ. ಯುಪಿಎಸ್ ಕಥೆಯೂ ಇದೆ. 600 ವಿಎ ಅಂತ ಬರೆದ ಸಾಮಾನ್ಯ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ಮಾನಿಟರ್ ಸೇರಿ ಗೇಮ್ ಆಡುವಾಗ ನನ್ನ ಅಳಿಯನ ಸೆಟ್ಟು ಆಗಲೇ ಅದರ ಅಂಚಿಗೆ ಹತ್ತಿರವಿದೆ.

ಇನ್ನೊಂದು ವಿಷಯ. ಗಿಗಾಹರ್ಟ್ಸೇ ಎಲ್ಲಾ ಆಗಿದ್ದರೆ 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಹೆಸರೇ ಮಾಡುತ್ತಿರಲಿಲ್ಲ. ಅದರ ಬೂಸ್ಟ್ 4.5, ಹಳೆಯ 5800ಎಕ್ಸ್‌ಗಿಂತ ಕಡಿಮೆ. ಓವರ್‌ಕ್ಲಾಕಿಂಗ್‌ಗೆ ಬೀಗ ಹಾಕಿಯೇ ಮಾರಿದರು. ಆದರೂ ಗೇಮುಗಳಲ್ಲಿ ಅದೇ ಮುಂದೆ. ಕಾರಣ 96 ಎಂಬಿ ಎಲ್3 ಕ್ಯಾಶ್, ಅಂದ್ರೆ ಚಿಪ್ಪಿನೊಳಗೇ ಇರೋ ವೇಗದ ಮೆಮೊರಿ.

ಮೊದಲು ನೋಡಬೇಕಾದ್ದು ಗೇಮ್ ಯಾವುದಕ್ಕೆ ಕಾಯುತ್ತಿದೆ ಅನ್ನೋದು. ಆಡುವಾಗ ಗ್ರಾಫಿಕ್ಸ್ ಕಾರ್ಡ್ ಬಳಕೆ 97-98% ತೋರಿಸುತ್ತಿದ್ದರೆ ಪ್ರೊಸೆಸರ್ ಎಷ್ಟು ಓಡಿದರೂ ಅಷ್ಟೇ. ರೆಸಲ್ಯೂಷನ್ ಇಳಿಸಿದರೂ ಎಫ್‌ಪಿಎಸ್ ಏರದಿದ್ದರೆ ಆಗ ಪ್ರೊಸೆಸರ್ ಮೇಲೆ ಅನುಮಾನ ಪಡಿ.

ನಾನು ಅವನ ರೂಮಿಗೆ ಹೋಗಿ ಮಾಡಿದ್ದು ಓವರ್‌ಕ್ಲಾಕ್ ಅಲ್ಲ, ಕಸ ಹೊಡೆಯೋದು. ಕೂಲರ್ ಫ್ಯಾನ್ ಬಿಚ್ಚಿದರೆ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳೇ ಕಾಣುತ್ತಿರಲಿಲ್ಲ. ಬೂದು ಬಣ್ಣದ ದಪ್ಪ ಧೂಳಿನ ಪದರ, ಉಗುರಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು. ಕಿಟಕಿ ರಸ್ತೆ ಕಡೆಗೆ, ಕ್ಯಾಬಿನೆಟ್ ನೆಲದ ಮೇಲೆ, ಇನ್ನೇನಾಗುತ್ತೆ? ಬಣ್ಣ ಹಚ್ಚೋ ಸಣ್ಣ ಬ್ರಶ್ ತಗೊಂಡು ಒಂದೊಂದೇ ಸಂದು ತಿಕ್ಕಿದೆವು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಬೇಕು, ಇಲ್ಲದಿದ್ದರೆ ಗಾಳಿಗೆ ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಚಿಪ್ಪಿಗೂ ಕೂಲರ್‌ಗೂ ನಡುವೆ ಒಣಗಿ ಸುಣ್ಣದಂತಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಫ್ಯಾನಿನ ಕಿರುಚಾಟ ಅವತ್ತೇ ನಿಂತಿತು.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ರ‍್ಯಾಮ್ 2400ರಲ್ಲಿ ನಡೆಯುತ್ತಿದೆ! ಕೊಂಡದ್ದು 3200ರದ್ದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಕೊಂಡ ಸ್ಪೀಡಿಗೆ ಮೆಮೊರಿ ಓಡಿಸೋ ಸೆಟ್ಟಿಂಗ್) ಆನ್ ಮಾಡದಿದ್ದರೆ ಹೀಗೇ. ಕೆಲವು ಬೋರ್ಡುಗಳಲ್ಲಿ ಅದಕ್ಕೆ ಡಿಓಸಿಪಿ ಅಂತ ಹೆಸರು. ಹುಡುಗ ದುಡ್ಡು ಕೊಟ್ಟ ಸ್ಪೀಡನ್ನೇ ಬಳಸಿಲ್ಲ, ಕೊಡದ ಸ್ಪೀಡಿಗೆ ಹೊರಟಿದ್ದ. ಅದರ ಮೇಲೆ ಚಿಪ್ಪಿನ ವೋಲ್ಟೇಜ್ ಹೊಂದಿಸೋ ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ 10 ಕೊಟ್ಟು, ಕ್ರ್ಯಾಶ್ ಆಗದ್ದು ನೋಡಿ ಮೈನಸ್ 15 ಮಾಡಿದೆವು. ಅದೇ ಸ್ಪೀಡಿಗೆ ವೋಲ್ಟೇಜ್ ಕಡಿಮೆ, ಬಿಸಿ ಕಡಿಮೆ. ಬೇಸಿಗೆಗೆ ನನ್ನ ಪ್ರಕಾರ ಇದೇ ಸರಿ. ಕಂಪನಿಯ ಕಾಗದದಲ್ಲಿ ಇವೂ ಓವರ್‌ಕ್ಲಾಕಿಂಗ್ ಲೆಕ್ಕಕ್ಕೇ ಬರುತ್ತವೆ, ವಾರಂಟಿ ಚಿಂತೆ ಇದ್ದವರು ಅದನ್ನೂ ನೋಡಿಕೊಳ್ಳಿ.

ಜಾಸ್ತಿ ವೋಲ್ಟೇಜ್ ಏನು ಮಾಡುತ್ತೆ ಅನ್ನೋದಕ್ಕೆ 2024ರ ಇಂಟೆಲ್ ಕಥೆ ಸಾಕು. 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ, ಓವರ್‌ಕ್ಲಾಕ್ ಮಾಡದವರಿಗೂ ಗೇಮ್ ನಡುವೆ ಕ್ರ್ಯಾಶ್. ಚಿಪ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಪಡೆಯುತ್ತಿತ್ತು. ಕಂಪನಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ಸಾಫ್ಟ್‌ವೇರ್) ತಿದ್ದಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು.

ಹಾಗಂತ ಯಾರಿಗೂ ಬೇಡ ಅಂತಲ್ಲ. 240 ಹರ್ಟ್ಸ್ (ಸೆಕೆಂಡಿಗೆ 240 ಸಲ ಚಿತ್ರ ಬದಲಿಸೋ) ಮಾನಿಟರ್ ಇದೆ, ಆಡೋದು ಕೌಂಟರ್-ಸ್ಟ್ರೈಕ್ 2, ಕಾರ್ಡ್ ಅರ್ಧ ಖಾಲಿ ಕೂತಿದೆ, ದೊಡ್ಡ ಟವರ್ ಕೂಲರ್ ಇದೆ, ವಾರಂಟಿ ಮುಗಿದಿದೆ ಅಂದ್ರೆ ಮಾಡಿ. ಇಂಟೆಲ್ ಆದರೆ ಹೆಸರಲ್ಲಿ ಕೆ ಇರೋ ಚಿಪ್, ಝಡ್ ಸರಣಿಯ ಬೋರ್ಡ್ ಬೇಕು. ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಓಸಿಸಿಟಿ ಅನ್ನೋ ಪರೀಕ್ಷೆ ಪ್ರೋಗ್ರಾಂ ಓಡಿಸಿ ನೋಡಿ. ಮೊದಲು ಪ್ರಾಜೆಕ್ಟ್ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಕ್ರ್ಯಾಶ್ ಆಗಿ ನೀಲಿ ಪರದೆ ಬಂದರೆ ಗೊತ್ತಾಗುತ್ತೆ, ಫೈಲ್ ಸದ್ದಿಲ್ಲದೆ ಕೆಟ್ಟರೆ ಪರೀಕ್ಷೆ ದಿನವೇ ಗೊತ್ತಾಗೋದು.

ನನ್ನ ಅಳಿಯನ ಮಾನಿಟರ್ 75 ಹರ್ಟ್ಸ್. ವ್ಯಾಲೊರಂಟ್ ಗೇಮಿನಲ್ಲಿ ಅವನ ಸೆಟ್ಟು ಈಗಲೇ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಿದೆ, ಪರದೆಗೆ ತೋರಿಸೋಕೆ ಆಗುತ್ತಿಲ್ಲ ಅಷ್ಟೆ. ಹೊಸ ಕೂಲರ್‌ಗೆ ಅಂತ ಎತ್ತಿಟ್ಟ ದುಡ್ಡನ್ನು 144 ಹರ್ಟ್ಸ್ ಮಾನಿಟರ್‌ಗೆ ಸೇರಿಸು, ಕಡಿಮೆ ಬಿದ್ದದ್ದು ನಾನು ಕೊಡ್ತೀನಿ ಅಂದಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.